ತೊಂಬತ್ತು ನಿಮಿಷದಲ್ಲಿ ಕರಗಿದ ಮಸೂದೆ

ತಲೆ ತೊಳೆದುಕೊಳ್ಳಲು ಇನ್ನೊಬ್ಬರ ನೆರವು ಬೇಕಾದರೆ ಎರಡು ಅಂಕ. ಸೊಂಟದಿಂದ ಕೆಳಗೆ ತೊಳೆದುಕೊಳ್ಳಲು ನೆರವು ಬೇಕಾದರೂ ಎರಡೇ. ಭುಜದಿಂದ ಸೊಂಟದವರೆಗಿನ ಭಾಗಕ್ಕೆ ಬೇಕಾದರೆ ನಾಲ್ಕು. ಇದು ಬ್ರಿಟನ್ನಿನಲ್ಲಿ ಅಂಗವಿಕಲರಿಗೂ ದೀರ್ಘಕಾಲದ ರೋಗಿಗಳಿಗೂ ಸಿಗುವ ‘ಪಿಪ್’ ಭತ್ಯೆಯ ಲೆಕ್ಕ. ಅಡುಗೆ, ಸ್ನಾನ, ಉಡುಪು ಎಂದು ನಿತ್ಯದ ಒಂದೊಂದು ಕೆಲಸಕ್ಕೂ ಅಂಕ ಹಾಕುತ್ತಾರೆ. ಒಟ್ಟು ಎಂಟಾದರೆ ಭತ್ಯೆ. ಈ ಅಂಕಪಟ್ಟಿಗೆ ಕೈ ಹಾಕಿಯೇ 2025ರಲ್ಲಿ ಲೇಬರ್ ಸರ್ಕಾರ ಕೈ ಸುಟ್ಟುಕೊಂಡಿತು.

2024ರ ಜುಲೈ ಚುನಾವಣೆಯಲ್ಲಿ ಕೀರ್ ಸ್ಟಾರ್ಮರ್ ಅವರ ಪಕ್ಷ 650ರಲ್ಲಿ 411 ಸ್ಥಾನ ಗೆದ್ದಿತ್ತು. ಅಂಥ ಬಹುಮತವಿದ್ದವರಿಗೆ ಭಯವೆಲ್ಲಿಯದು? ಮರುವರ್ಷ ಮಾರ್ಚ್‌ನಲ್ಲಿ ಸಚಿವೆ ಲಿಜ್ ಕೆಂಡಲ್ ಹೊಸ ನಿಯಮ ಮುಂದಿಟ್ಟರು: ಯಾವುದಾದರೂ ಒಂದೇ ಕೆಲಸಕ್ಕೆ ಕನಿಷ್ಠ ನಾಲ್ಕು ಅಂಕ ಬಂದಿರಬೇಕು. ಅಂದರೆ, ನಾಲ್ಕು ಕೆಲಸಗಳಲ್ಲಿ ಎರಡೆರಡು ಅಂಕ ಪಡೆದು ಎಂಟು ಮುಟ್ಟಿದವರಿಗೆ ಇನ್ನು ಏನೂ ಇಲ್ಲ. ಇದೂ ಸೇರಿದಂತೆ ಒಟ್ಟು ಕಡಿತದಿಂದ ದಶಕದ ಕೊನೆಗೆ ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿತಾಯ ಎಂಬ ಎಣಿಕೆ. ಜೊತೆಗೇ ಎರಡೂವರೆ ಲಕ್ಷ ಜನ ಬಡತನಕ್ಕೆ ಜಾರುತ್ತಾರೆ ಎಂಬ ಅಂದಾಜು. ಈ ಅಂದಾಜು ವಿರೋಧಿಗಳದ್ದಲ್ಲ, ಸರ್ಕಾರದ್ದೇ!

ಉಳಿಸಬೇಕಾದ ಮೊತ್ತವನ್ನು ಮೊದಲು ಬರೆದುಕೊಂಡು, ಯಾರಿಂದ ಕೀಳುವುದೆಂದು ಆಮೇಲೆ ಹುಡುಕಿದಂತಿತ್ತು ಇಡೀ ಯೋಜನೆ. ಮಸೂದೆ ತಡೆಯುವ ಸೂಚನೆಗೆ ಲೇಬರ್ ಸದಸ್ಯರೇ 120ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಮುಂದಾಳು ಮೆಗ್ ಹಿಲಿಯರ್, ಕಾಮನ್ಸ್ ಸಭೆಯ ಖಜಾನೆ ಸಮಿತಿಯ ಅಧ್ಯಕ್ಷೆ, ಗದ್ದಲಕ್ಕೆ ಹೆಸರಾದವರಲ್ಲ. ನಮ್ಮಲ್ಲಾದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಅಲ್ಲಿ ಅಂಥ ಕಾಯ್ದೆಯಿಲ್ಲ. ಸಂಸದೀಯ ಪಕ್ಷದಿಂದ ಹೊರಗೆ ಹಾಕಬಹುದು, ಸಭೆಯ ಕುರ್ಚಿ ಉಳಿಯುತ್ತದೆ. ಮಂತ್ರಿಗಿರಿಯ ಮುನಿಸಿಗೆ ನಾವು ಬಳಸುವ ‘ಭಿನ್ನಮತ’ ಎಂಬ ಪದಕ್ಕೆ ಅಲ್ಲಿ ಅದರ ನಿಜವಾದ ಅರ್ಥವೇ ಇತ್ತು.

ಜೂನ್ 27ರಂದು ಸರ್ಕಾರ ಅರ್ಧ ಬಗ್ಗಿತು: ಈಗಾಗಲೇ ಭತ್ಯೆ ಪಡೆಯುತ್ತಿರುವವರಿಗೆ ಹೊಸ ನಿಯಮವಿಲ್ಲ. ಅಂದರೆ ಒಂದೇ ಕಾಯಿಲೆಯ ಇಬ್ಬರಲ್ಲಿ ಮೊದಲು ಅರ್ಜಿ ಹಾಕಿದವನಿಗೆ ಹಣ, ತಡವಾದವನಿಗೆ ಇಲ್ಲ. ಅದೂ ಸಾಲಲಿಲ್ಲ. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ, ಮತದಾನಕ್ಕೆ ಸುಮಾರು ತೊಂಬತ್ತು ನಿಮಿಷವಿದ್ದಾಗ, ಸಚಿವ ಸ್ಟೀಫನ್ ಟಿಮ್ಸ್ ಎದ್ದು ನಿಂತು ನಾಲ್ಕು ಅಂಕದ ನಿಯಮವನ್ನೇ ಕೈಬಿಟ್ಟಿರುವುದಾಗಿ ಹೇಳಿದರು. ಮಸೂದೆ 335–260ರಿಂದ ಪಾಸಾಯಿತು. ಆಗಲೂ 49 ಲೇಬರ್ ಸದಸ್ಯರು ವಿರುದ್ಧ ಮತ ಹಾಕಿದರು. ಹೊಸದಾಗಿ ಬರುವ ಬಹುತೇಕ ರೋಗಿಗಳಿಗೆ ‘ಯೂನಿವರ್ಸಲ್ ಕ್ರೆಡಿಟ್’ನ ವಾರದ ಹೆಚ್ಚುವರಿ ಮೊತ್ತ 97 ಪೌಂಡಿನಿಂದ 50ಕ್ಕೆ ಇಳಿಯುವ ಅಂಶ ಮಾತ್ರ ಕಾಯ್ದೆಯಲ್ಲಿ ಉಳಿಯಿತು. ಗಲಾಟೆಯಲ್ಲಿ ಅದನ್ನು ಗಮನಿಸಿದವರು ಕಡಿಮೆ.

ಮರುದಿನ ಪ್ರಧಾನಿಯ ಹಿಂದೆ ಕೂತಿದ್ದ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಅವರ ಕಣ್ಣಲ್ಲಿ ನೀರು ಕಂಡಿತು. ವೈಯಕ್ತಿಕ ಕಾರಣವೆಂದು ಅವರ ಕಡೆಯವರು ಹೇಳಿದರು. ಅಷ್ಟರಲ್ಲಿ ಸರ್ಕಾರಿ ಸಾಲಪತ್ರಗಳ ಬಡ್ಡಿ ಏರಿತ್ತು.

ಲೇಬರ್ ಪಕ್ಷಕ್ಕೆ ಇದು ಹಳೆಯ ಗಾಯ. 1931ರ ಆಗಸ್ಟ್‌ನಲ್ಲಿ ನಿರುದ್ಯೋಗ ಭತ್ಯೆಯನ್ನು ಶೇ 10ರಷ್ಟು ಕತ್ತರಿಸುವ ಮಾತಿಗೆ ಸಂಪುಟವೇ ಒಡೆದು ಸರ್ಕಾರ ಬಿತ್ತು. ಆಗಿನ ಪ್ರಧಾನಿ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್, ಮರುವರ್ಷದ ‘ಕಮ್ಯುನಲ್ ಅವಾರ್ಡ್’ನಿಂದ ನಮಗೂ ಪರಿಚಿತರು. ವಿರೋಧಿಗಳ ಜೊತೆ ಸೇರಿ ಹೊಸ ಸರ್ಕಾರ ಕಟ್ಟಿದ ಅವರನ್ನು ಪಕ್ಷ ಹೊರಗೆ ಹಾಕಿತು. ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್‌ಗೆ ದಕ್ಕಿದ್ದು 52 ಸ್ಥಾನ.

ಸ್ಟಾರ್ಮರ್ ಕಾಲದ ಇನ್ನೊಂದು ಪ್ರಸಂಗ. ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಬಡ ಕುಟುಂಬಗಳ ನೆರವಿಗೆ 2017ರಲ್ಲಿ ಕನ್ಸರ್ವೇಟಿವ್ ಸರ್ಕಾರ ಮಿತಿ ಹಾಕಿತ್ತು. ಅದನ್ನು ತೆಗೆಯಬೇಕೆಂದು 2024ರ ಜುಲೈನಲ್ಲಿ ಮತ ಹಾಕಿದ ಏಳು ಲೇಬರ್ ಸದಸ್ಯರನ್ನು ಸಂಸದೀಯ ಪಕ್ಷದಿಂದ ಅಮಾನತು ಮಾಡಲಾಯಿತು. 2025ರ ನವೆಂಬರ್ ಬಜೆಟ್‌ನಲ್ಲಿ ರೀವ್ಸ್ ಅವರೇ ಎದ್ದುನಿಂತು ಆ ಮಿತಿಯನ್ನು ತೆಗೆದುಹಾಕುವುದಾಗಿ ಘೋಷಿಸಿದರು.