ಮನೆಯಂಗಳದಲ್ಲಿ ಕಿಸುಕಾರೆ: ಒಂದು ನಾಡಗಿಡದ ಪೂರ್ವವೃತ್ತಾಂತ ಮತ್ತು ಪಾಲನೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಅಡಕೆ, ಮೆಣಸು, ಏಲಕ್ಕಿಗಳ ವಿಷಯವನ್ನು ವಿಸ್ತಾರವಾಗಿಯೇ ಹೇಳಿದ್ದಾರೆ. ಪೇಟೆಗೆ ಹೋದ ವಸ್ತುವಿಗೆ ಲೆಕ್ಕವುಂಟು, ಸುಂಕವುಂಟು. ಆದಕಾರಣ ದಾಖಲೆಯೂ ಉಂಟು. ಬೆಟ್ಟದ ಅಂಚಿನಲ್ಲಿಯೇ ಅರಳಿ ಉದುರುವ ಗಿಡಗಳಿಗೆ ಆ ಭಾಗ್ಯವಿಲ್ಲ. ಅಂಥವುಗಳಲ್ಲಿ ಕಿಸುಕಾರೆಯೂ ಒಂದು. ಇದರ ಪೂರ್ವವೃತ್ತಾಂತವನ್ನೂ, ಮನೆಯಂಗಳದಲ್ಲಿ ಇದನ್ನು ಬೆಳೆಸುವ ಕ್ರಮವನ್ನೂ ಸಂಗ್ರಹವಾಗಿ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಸುಮಾಲೆ, ಗುಡ್ಡೆದಾಸಾಳ, ಕೇಪಳ ಎಂಬ ಹೆಸರುಗಳೂ ಇದಕ್ಕೆ ಕನ್ನಡದಲ್ಲಿ ರೂಢಿಯಾಗಿವೆ. 'ಕಿಸು' ಎಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿನ ಪ್ರಾಚೀನ ನಾಮವಾದ ಕಿಸುವೊಳಲ್ ಎಂಬುದರಲ್ಲಿರುವುದೂ ಇದೇ ಪದ. ಮಾತಿನಲ್ಲಿ ಬಳಕೆ ತಪ್ಪಿದ ಶಬ್ದವೊಂದು ಗಿಡದ ಹೆಸರಿನಲ್ಲಿ ಉಳಿದುಕೊಂಡಿರುವುದು ನಾವು ಗಮನಿಸತಕ್ಕ ಅಂಶ. ಆಳೆತ್ತರದವರೆಗೆ ಬೆಳೆಯುವ ಈ ಪೊದೆಯಲ್ಲಿ ಎಲೆಗಳು ತೊಟ್ಟಿಲ್ಲದೆ ಎದುರುಬದುರಾಗಿ ಜೋಡಿಸಿರುತ್ತವೆ. ಸಣ್ಣ ನಳಿಗೆಯ ತುದಿಯಲ್ಲಿ ನಾಲ್ಕು ದಳಗಳುಳ್ಳ ಕೆಂಪು ಹೂಗಳು ಗೊಂಚಲಾಗಿ ಅರಳುತ್ತವೆ. ಇದರ ಕಳಿತ ಹಣ್ಣುಗಳನ್ನು ಹಕ್ಕಿಗಳೂ ಮಕ್ಕಳೂ ತಿನ್ನುತ್ತಾರೆ.

ಲಿಖಿತ ದಾಖಲೆಯನ್ನು ಅರಸಿದರೆ ನಾವು ಇದೇ ಕರಾವಳಿಯ ದಕ್ಷಿಣ ಭಾಗಕ್ಕೆ, ಕೊಚ್ಚಿಗೆ ಹೋಗಬೇಕಾಗುತ್ತದೆ. ಅಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಮಲಬಾರಿನ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥವು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುದನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಆ ಕಾರ್ಯಕ್ಕೆ ನೆರವಾದರು. ಅದರಲ್ಲಿ ನಮ್ಮ ಗಿಡವು 'ಚೆಟ್ಟಿ' ಎಂಬ ಮಲಯಾಳ ನಾಮದಿಂದ ವರ್ಣಿತವಾಗಿದೆ. ಮುಂದೆ 1753ರಲ್ಲಿ ಲಿನೇಯಸ್ಸನು ಇದಕ್ಕೆ 'ಇಕ್ಸೋರ ಕಾಕ್ಸೀನಿಯ' ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಇಕ್ಸೋರ ಎಂಬುದು ಪೋರ್ಚುಗೀಸರ ಬಾಯಲ್ಲಿ ರೂಪಾಂತರ ಹೊಂದಿದ 'ಈಶ್ವರ' ಶಬ್ದವೇ ಆಗಿದೆ.

ಇನ್ನು ಬೆಳೆಸುವ ಕ್ರಮ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಧಾರಾಳವಾಗಿ ಸುರಿದು ಮಣ್ಣಿನ ಸುಣ್ಣದಂಶವನ್ನು ತೊಳೆಯುವುದರಿಂದ ಜಂಬಿಟ್ಟಿಗೆ ನೆಲವು ಹುಳಿಗುಣವನ್ನು ಪಡೆದಿದೆ. ಕಿಸುಕಾರೆಗೆ ಬೇಕಾದುದೂ ಅಂಥ ನೆಲವೇ. ಮಳೆಗಾಲದ ಆರಂಭದಲ್ಲಿ ಅರೆಬಲಿತ ರೆಂಬೆಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗೆ ಊರಬೇಕು. ಹಣ್ಣಿನ ಬೀಜದಿಂದಲೂ ಸಸಿ ಮಾಡಬಹುದು. ಬೇರೂರಿದ ಸಸಿಯನ್ನು ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳದಲ್ಲಿ ನೆಟ್ಟು, ಬುಡಕ್ಕೆ ಕೊಟ್ಟಿಗೆ ಗೊಬ್ಬರವನ್ನೂ ದರಕನ್ನೂ ಹಾಕಬೇಕು. ಬೇಲಿಗಾದರೆ ಎರಡು ಮೂರು ಅಡಿಗೊಂದು ಗಿಡ ಸಾಕು. ಮೊದಲ ಬೇಸಗೆಯಲ್ಲಿ ನೀರುಣಿಸಿದರೆ ಮುಂದೆ ಹೆಚ್ಚಿನ ಆರೈಕೆ ಬೇಕಾಗದು. ಹೂ ರೆಂಬೆಯ ತುದಿಯಲ್ಲಿ ಬರುವುದರಿಂದ, ಸವರುವ ಕೆಲಸವನ್ನು ಹೂ ಮುಗಿದ ಮೇಲೆಯೇ ಮಾಡತಕ್ಕದ್ದು. ಸಿಮೆಂಟು ಗೋಡೆಯ ಬುಡದಲ್ಲಿ ಮಾತ್ರ ನೆಡಬಾರದು: ಅಲ್ಲಿ ಸುಣ್ಣದಂಶ ಸೇರಿ ಮಣ್ಣಿನ ಕಬ್ಬಿಣವು ಬೇರಿಗೆ ದಕ್ಕದೆ, ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಹಳದಿಯಾಗುತ್ತವೆ.

ಸುಲಭವಾಗಿ ಬೆಳೆಯುವುದೆಲ್ಲವೂ ನಿರಪಾಯಕರವೆಂದು ಭಾವಿಸಲಾಗದು. ಅಮೆರಿಕ ಖಂಡದ ಲಂಟಾನವನ್ನು 19ನೆಯ ಶತಮಾನದ ಆದಿಭಾಗದಲ್ಲಿ ನಮ್ಮ ದೇಶಕ್ಕೆ ತಂದದ್ದು ತೋಟದ ಅಲಂಕಾರಕ್ಕಾಗಿ. ಅದು ಕಾಡನ್ನೇ ಆಕ್ರಮಿಸಿತು. ಕಿಸುಕಾರೆಯಾದರೋ ಈ ನೆಲಕ್ಕೆ ಹೊಂದಿ ಬಂದ ಗಿಡ. ಈ ಮೂರು ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿಯು ಬ್ರಿಟಿಷರ ಆಡಳಿತ ಕಾಲದಿಂದ ಬಂದಿದೆ. ಅಂಥ ಬೆಟ್ಟವನ್ನು ಅಗೆದು ಕಲ್ಲು ತೆಗೆದಲ್ಲಿ, ಅಕೇಶಿಯ ನೆಡುತೋಪು ಎಬ್ಬಿಸಿದಲ್ಲಿ, ಇಂಥ ಪೊದೆಗಳಿಗೆ ನೆಲೆ ತಪ್ಪುತ್ತದೆ. ಗಿಡ ಹೋದಲ್ಲಿ ಅದರ ಹೆಸರೂ ಹೋಗುತ್ತದೆ. ಹೆಸರಿನೊಡನೆ ಅದರೊಳಗಿದ್ದ ಹಳೆಯ ಮಾತೂ ಹೋಗುತ್ತದೆ. ಆದಕಾರಣ ಬೆಟ್ಟದ ಗಿಡವನ್ನು ಕೀಳದೆ, ಒಂದು ರೆಂಬೆಯನ್ನೋ ನಾಲ್ಕು ಬೀಜಗಳನ್ನೋ ತಂದು ಅಂಗಳದಲ್ಲಿಯೂ ಕಾಲೇಜಿನ ಆವರಣದಲ್ಲಿಯೂ ಬೆಳೆಸುವುದು, ತಮ್ಮ ಊರಿನಲ್ಲಿ ಅದಕ್ಕಿರುವ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡುವುದು, ಇವೆರಡೂ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕಾರ್ಯಗಳೆಂದು ನಾವು ನಂಬುತ್ತೇವೆ.