ಬೆಳಕು ಸೋರಿದ್ದು ಎಲ್ಲಿ?

ಮನೆಯ ಇಂಟರ್ನೆಟ್ ನಿಂತಿತೆಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳಿಸಿಕೊಳ್ಳುವ ಮಾತು ಒಂದೇ: ‘ಸರ್, ಒಂದ್ಸಲ ರೂಟರ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ.’ ವೈ-ಫೈ ಮುನಿಸಿಕೊಂಡಿದ್ದರೆ, ಸಾಫ್ಟ್‌ವೇರ್ ಎಲ್ಲೋ ಸಿಕ್ಕಿಕೊಂಡಿದ್ದರೆ ಇದು ನಿಜಕ್ಕೂ ಮದ್ದೇ. ಆದರೆ ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ, ಬೆಳಗಿನಿಂದ ಸಂಜೆಯವರೆಗೆ ಆಫ್-ಆನ್ ಮಾಡುತ್ತ ಕೂತರೂ ಏನೂ ಆಗದು. ಫೈಬರ್ ಎಂಬ ಗಾಜಿನ ಎಳೆಯೊಳಗಿಂದ ಬರಬೇಕಾದ ಬೆಳಕು ಬರುತ್ತಿಲ್ಲ, ಇಲ್ಲವೇ ಗುರುತು ಹಿಡಿಯಲಾಗದಷ್ಟು ಮಂಕಾಗಿದೆ ಎಂದು ಆ ದೀಪ ಹೇಳುತ್ತಿದೆ. ತೊಂದರೆ ಇರುವುದು ಮನೆಗೂ ಕಂಪನಿಯ ಕಚೇರಿಗೂ ನಡುವಿನ ದಾರಿಯಲ್ಲಿ.

ಆಶ್ಚರ್ಯವೆಂದರೆ, ಈ ಕಾಯಿಲೆಯನ್ನು ಅಳೆಯುವುದು ಬಹಳ ಸುಲಭ. ಜ್ವರಕ್ಕೆ ಥರ್ಮಾಮೀಟರ್ ತೋರಿಸುವ ಹಾಗೆ ಇಲ್ಲೂ ಒಂದೇ ಒಂದು ಅಂಕಿ ಇದೆ. ಅದು ನಿಮ್ಮ ಡಬ್ಬಿಯೊಳಗೂ ಇದೆ, ಲೈನ್ ನಡೆಯುತ್ತಿರುವಷ್ಟು ಹೊತ್ತು ಕಂಪನಿಯ ಕಂಪ್ಯೂಟರಿಗೂ ತಲುಪುತ್ತಿರುತ್ತದೆ. ದೂರು ಬರೆದುಕೊಳ್ಳುವವರು ಮಾತ್ರ ಅದನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಫೈಬರ್ ರಿಪೇರಿಯ ಕಿರಿಕಿರಿಯಲ್ಲಿ ಅರ್ಧ ಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅನಿಸಿಕೆ.

ಆ ಅಂಕಿಯ ಮಾನ ಡಿಬಿಎಂ. ಒಂದು ಮಿಲಿವ್ಯಾಟ್ ಬೆಳಕನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಎಣಿಸುವ ಲೆಕ್ಕ. 3 ಡೆಸಿಬೆಲ್ ಕೆಳಗಿಳಿದರೆ ಬೆಳಕು ಅರ್ಧವಾಯಿತು, 10 ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಕಚೇರಿಯ ಯಂತ್ರ ಸುಮಾರು ಪ್ಲಸ್ 3 ಡಿಬಿಎಂ, ಅಂದರೆ ಎರಡು ಮಿಲಿವ್ಯಾಟ್ ಬೆಳಕು ಕಳಿಸುತ್ತದೆ ಎಂದುಕೊಳ್ಳಿ. ಅದು ನಿಮ್ಮೊಬ್ಬರದ್ದಲ್ಲ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಗಾಜಿನ ಸಾಧನ ಅದನ್ನು 32 ಮನೆಗಳಿಗೆ ಹಂಚುತ್ತದೆ. ಐದು ಸಲ ಅರ್ಧ ಮಾಡಿದರೆ 32 ಪಾಲು. ಹಾಗಾಗಿ 15 ಡೆಸಿಬೆಲ್ ಹೋಯಿತು. ಸಾಧನದ ಸ್ವಂತ ಸೋರಿಕೆಯೂ ಸೇರಿ ಸುಮಾರು 17. ನಾಲ್ಕೈದು ಕಿಲೋಮೀಟರ್ ಗಾಜು, ಒಂದಷ್ಟು ಬೆಸುಗೆ, ಒಂದಷ್ಟು ಕನೆಕ್ಟರ್ ಸೇರಿ ಇನ್ನೊಂದು ಮೂರು-ನಾಲ್ಕು. ಕೊನೆಗೆ ಮನೆ ಮುಟ್ಟುವುದು ಮೈನಸ್ 18ರ ಆಸುಪಾಸು, ಅಂದರೆ ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಹದಿನಾರು ಭಾಗದಷ್ಟು ಬೆಳಕು. ನಮ್ಮಲ್ಲಿ ವ್ಯಾಪಕವಾಗಿರುವ ಜಿಪಾನ್ ವ್ಯವಸ್ಥೆಯ ಡಬ್ಬಿಗಳು ಸಾಮಾನ್ಯವಾಗಿ ಮೈನಸ್ 27ರವರೆಗೆ ಓದಬಲ್ಲವು. ಅದಕ್ಕಿಂತ ಕೆಳಗಿಳಿದರೆ ತಪ್ಪು ಓದುತ್ತವೆ, ಆಮೇಲೆ ಕೈಚೆಲ್ಲುತ್ತವೆ.

ಈ ಲೆಕ್ಕದಲ್ಲಿ ಗಾಜಿನ ಪಾಲು ಎಷ್ಟು ಕಡಿಮೆ ನೋಡಿ. 1966ರಲ್ಲಿ ಎಂಜಿನಿಯರುಗಳಾದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್, ಗಾಜಿನ ಕಲ್ಮಶ ತೆಗೆದು ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕೆ ಇಳಿಸಿದರೆ ಸಾಕು, ಬೆಳಕಿನಲ್ಲೇ ಮಾತು ಕಳಿಸಬಹುದು ಎಂದು ವಾದಿಸಿದರು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಒಂದೇ ಕಿಲೋಮೀಟರಿನಲ್ಲಿ ಹೋಗಲಿ, ಒಂದು ಪಾಲು ಉಳಿದರೆ ಸಾಕು ಎಂಬ ಆಸೆ ಅದು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು ಸಾಧಿಸಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇವತ್ತಿನ ಗಾಜಿನಲ್ಲಿ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ ಕೂಡ ಹೋಗುವುದಿಲ್ಲ. ಇಷ್ಟೆಲ್ಲ ದುಡಿದು ಗಳಿಸಿದ ಉಳಿತಾಯವನ್ನು ನಾವು ಕಳೆಯುವುದು ಕಂಬದ ಮೇಲಿನ ಒಂದು ಗಂಟಿನಲ್ಲಿ, ಟಿವಿ ಸ್ಟ್ಯಾಂಡಿನ ಹಿಂದಿನ ಒಂದು ಮಡಿಕೆಯಲ್ಲಿ.

ಎಳೆಯೊಳಗೆ ಬೆಳಕು ಓಡುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್. ತಲೆಗೂದಲು ಇದರ ಏಳೆಂಟು ಪಟ್ಟು ದಪ್ಪ. ಕನೆಕ್ಟರಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಕೂತರೆ ದಾರಿಯೇ ಮುಚ್ಚಿದಂತೆ. ಬೆರಳಿನ ಜಿಡ್ಡು ತಾಗಿದರೂ ಅದೇ ಕತೆ. (ಒಳಗೆ ಇಣುಕಿ ನೋಡಲು ಹೋಗಬೇಡಿ. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಒಳ್ಳೆಯದೂ ಅಲ್ಲ.) ಕನೆಕ್ಟರುಗಳಲ್ಲಿ ನೀಲಿ, ಹಸಿರು ಎಂದು ಎರಡು ಜಾತಿ. ನೀಲಿಯ ತುದಿ ನೇರ, ಹಸಿರಿನದು ಎಂಟು ಡಿಗ್ರಿ ಓರೆ. ಹಸಿರನ್ನು ನೀಲಿಯ ಗೂಡಿಗೆ ತುರುಕಿದರೆ ಕೂರುತ್ತದೆ, ‘ಟಕ್’ ಎಂಬ ಸದ್ದೂ ಬರುತ್ತದೆ. ಆದರೆ ಗಾಜು ಗಾಜನ್ನು ಸರಿಯಾಗಿ ಮುಟ್ಟುವುದಿಲ್ಲ. ಅವಸರದಲ್ಲಿ ಬಂದವರು ಪ್ಯಾಚ್ ಕಾರ್ಡ್ ಎಂಬ ತುಂಡು ಕೇಬಲ್ ಕೈಗೆ ಸಿಕ್ಕಿದ್ದನ್ನು ಹಾಕಿ ಹೋದ ಮನೆಗಳಲ್ಲಿ ಈ ಬಗೆಯ ಸೋರಿಕೆ ಅಪರೂಪವಲ್ಲ.

ಇನ್ನು ಮಡಿಕೆ. ಹಳೆಯ ಮಾದರಿಯ ಎಳೆ ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿದರೆ ಬೆಳಕು ಪಕ್ಕಕ್ಕೆ ಸೋರತೊಡಗುತ್ತದೆ. ಮನೆಗಳಿಗೆಂದೇ ಮಾಡಿದ ಹೊಸ ಎಳೆ ಒಂದು ಸೆಂಟಿಮೀಟರ್‌ವರೆಗೂ ತಾಳಿಕೊಳ್ಳುತ್ತದೆ. ಕಿಟಕಿಯ ಸಂದಿಯಲ್ಲಿ ಅಪ್ಪಚ್ಚಿಯಾದರೆ ಯಾವುದೂ ತಾಳದು. ಬೆಳಕಿನ ತರಂಗ ಉದ್ದವಾದಷ್ಟೂ ಮಡಿಕೆಯಲ್ಲಿ ಸೋರುವುದು ಹೆಚ್ಚು. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಹಾಗಾಗಿ ಮಡಿಕೆಯ ಪೆಟ್ಟು ಬರುವ ಬೆಳಕಿಗೇ ಜಾಸ್ತಿ.

ಎಳೆ ಪೂರ್ತಿ ತುಂಡಾದರೆ ಒಂದು ಲೆಕ್ಕದಲ್ಲಿ ಒಳ್ಳೆಯದು. ಕೊಂಬೆ ಬಿತ್ತು, ಜೆಸಿಬಿ ಅಗೆಯಿತು, ಹೆಗ್ಗಣ ಕಡಿಯಿತು: ಬಂದವರಿಗೆ ಕಾಣುತ್ತದೆ, ಬೆಸೆಯುತ್ತಾರೆ. ಜೀವ ತಿನ್ನುವುದು ಅರ್ಧಂಬರ್ಧ ದೋಷ. ಮೈನಸ್ 26ರಲ್ಲಿ ಕುಂಟುತ್ತಿರುವ ಲೈನು ಮಧ್ಯಾಹ್ನ ನಡೆಯುತ್ತದೆ, ಸಂಜೆ ಗಾಳಿ ಬೀಸಿ ಕಂಬದ ಕೇಬಲ್ ಓಲಾಡಿದಾಗ ನಿಲ್ಲುತ್ತದೆ. ಬೆಸೆಯುವ ಬದಲು ಕೈಯಲ್ಲೇ ಕೂರಿಸಿದ ಫಾಸ್ಟ್ ಕನೆಕ್ಟರ್ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಒಂದಿಷ್ಟು ಸರಿದರೂ ಸಾಕು. ತಂತ್ರಜ್ಞ ಬರುವುದು ಹಗಲು ಹನ್ನೊಂದಕ್ಕೆ, ಆಗ ದೀಪ ಹಸಿರು. ‘ಬರ್ತಿದೆಯಲ್ಲ ಸರ್’ ಎನ್ನುತ್ತಾನೆ, ದೂರು ಮುಚ್ಚುತ್ತದೆ, ರಾತ್ರಿ ಮತ್ತೆ ಕೆಂಪು. ಅವನನ್ನು ಬೈದು ಫಲವಿಲ್ಲ. ಅವನ ಚೀಲದಲ್ಲಿ ಕೆಂಪು ಲೇಸರ್ ಪೆನ್ನು ಇರುತ್ತದೆ, ಅದೃಷ್ಟವಿದ್ದರೆ ಪವರ್ ಮೀಟರ್ ಇರುತ್ತದೆ. ವಿದ್ಯುತ್ ಕಿಡಿಯಿಂದ ಗಾಜನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ದುಬಾರಿ, ಅದು ಇನ್ನೊಂದು ತಂಡದ ಬಳಿ. ಒಳ್ಳೆಯ ಬೆಸುಗೆಯಲ್ಲಿ ಹೋಗುವುದು 0.1 ಡೆಸಿಬೆಲ್‌ಗಿಂತ ಕಡಿಮೆ, ಆದರೆ ಆ ತಂಡ ಬರುವವರೆಗೆ ಕಾಯಬೇಕು.

ದೋಷ ಎಲ್ಲಿದೆ ಎಂಬುದು ಕಚೇರಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲವೇ? ಒಂದು ಮಟ್ಟಕ್ಕೆ ಖಂಡಿತ ತಿಳಿಯುತ್ತದೆ. ಒಂದು ಸ್ಪ್ಲಿಟರಿನ 32 ಡಬ್ಬಿಗಳೂ ಒಟ್ಟಿಗೆ ಮಾಯವಾದರೆ ಪೆಟ್ಟು ಬಿದ್ದಿರುವುದು ಸ್ಪ್ಲಿಟರಿನಿಂದ ಕಚೇರಿಯ ಕಡೆಗೆ, ನಿಮ್ಮದೊಂದೇ ಹೋದರೆ ಮನೆಯ ಕಡೆಗೆ. ಕರೆಂಟು ಹೋಗಿ ಡಬ್ಬಿ ಆರಿದ್ದೇ ಆದರೆ, ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಲ್ಲಿ ಅದು ಕೊನೆಯ ಸಂದೇಶವೊಂದನ್ನು ಕಚೇರಿಗೆ ಕಳಿಸಿ ಆರುತ್ತದೆ. ಎಂಜಿನಿಯರುಗಳು ಅದನ್ನು ‘ಡೈಯಿಂಗ್ ಗ್ಯಾಸ್ಪ್’ ಎನ್ನುತ್ತಾರೆ. ಆ ಸಂದೇಶ ಬಾರದೆ ಡಬ್ಬಿ ಮೌನವಾದರೆ ಮೊದಲ ಅನುಮಾನ ಎಳೆಯ ಮೇಲೆ. ಇಷ್ಟು ತಿಳಿಯುವ ವ್ಯವಸ್ಥೆ ಇಟ್ಟುಕೊಂಡೂ ‘ಪ್ಲಗ್ ಸರಿಯಾಗಿದೆಯಾ ನೋಡಿ ಮೇಡಂ’ ಎಂದು ಕೇಳಿಸುವುದು ಸೋಮಾರಿತನ.

ಇನ್ನೂ ನಿಖರವಾಗಿ ಬೇಕೆಂದರೆ ಓಟಿಡಿಆರ್ ಎಂಬ ಉಪಕರಣ ಇದೆ. ಅದು ಎಳೆಯೊಳಗೆ ಬೆಳಕಿನ ಚಿಕ್ಕ ತುಣುಕೊಂದನ್ನು ಬಿಟ್ಟು ಮರುದನಿಗೆ ಕಾಯುತ್ತದೆ. ಗಾಜಿನ ಅಣುಗಳ ಸಣ್ಣ ಏರುಪೇರುಗಳು ಬೆಳಕನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಚದುರಿಸುತ್ತವೆ. ಇದು ರೇಲಿ ಚದುರುವಿಕೆ, ಆಕಾಶವನ್ನು ನೀಲಿ ಮಾಡುವುದೂ ಇದೇ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ಒಂದು ಕಿಲೋಮೀಟರ್ ದೂರದ ಮರುದನಿ ಬರಲು 10 ಮೈಕ್ರೋಸೆಕೆಂಡ್ ಸಾಕು. ಮರುದನಿ ಎಲ್ಲಿ ದಿಢೀರನೆ ಕುಸಿಯಿತೋ ಅಲ್ಲಿ ಸೋರಿಕೆ. ಎರಡು ತರಂಗಗಳಲ್ಲಿ ಅಳೆದು ಉದ್ದದ್ದರಲ್ಲಿ ನಷ್ಟ ಹೆಚ್ಚಿದ್ದರೆ ಮಡಿಕೆ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಕೊಳೆ ಅಥವಾ ಕೆಟ್ಟ ಬೆಸುಗೆ ಎಂದೂ ಊಹಿಸಬಹುದು. ತೊಡಕು ಬರುವುದು ಸ್ಪ್ಲಿಟರಿನಿಂದ. ಅದರಾಚೆಯ 32 ಕವಲುಗಳ ಮರುದನಿಗಳೂ ಒಂದರ ಮೇಲೊಂದು ಬಿದ್ದು ಕಚೇರಿಗೆ ಬರುತ್ತವೆ, ಯಾವುದು ಯಾರ ಮನೆಯದೆಂದು ಬಿಡಿಸುವುದು ಕಷ್ಟ. ದೂರ ಸಿಕ್ಕರೂ ಅದು ಎಳೆಯ ಉದ್ದವೇ ಹೊರತು ರಸ್ತೆಯ ಉದ್ದವಲ್ಲ. ಕಂಬಗಳ ಮೇಲೆ ಸುತ್ತಿಟ್ಟ ಹೆಚ್ಚುವರಿ ಕೇಬಲನ್ನೂ ಕಳೆಯಬೇಕು. ಕಚೇರಿಗೂ ಮನೆಗೂ ನಡುವೆ ಕರೆಂಟಿನಿಂದ ನಡೆಯುವ ಯಾವ ಯಂತ್ರವೂ ಇಲ್ಲದಿರುವುದು ಈ ಜಾಲದ ಅಗ್ಗದ ಗುಟ್ಟು. ‘ನನಗೇ ಪೆಟ್ಟಾಗಿದೆ’ ಎನ್ನಲು ದಾರಿಯಲ್ಲಿ ಯಾರೂ ಇಲ್ಲದಂತಾಗಿರುವುದೂ ಅದರಿಂದಲೇ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್ ರಿಪೇರಿಗೆ ಮಾನದಂಡ ಹಾಕಿತ್ತು: ಶೇ 90ಕ್ಕೂ ಹೆಚ್ಚು ದೋಷಗಳು ಮುಂದಿನ ಕೆಲಸದ ದಿನದೊಳಗೆ, ಶೇ 99ರಷ್ಟು 3 ಕೆಲಸದ ದಿನಗಳೊಳಗೆ ಸರಿಯಾಗಬೇಕು. ಗಡುವು ಬೇಕಾದ್ದೇ. ಆದರೆ ಗಡುವು ಅಳೆಯುವುದು ದೂರು ಎಷ್ಟು ಬೇಗ ಮುಚ್ಚಿತು ಎಂಬುದನ್ನು. ಮೈನಸ್ 26ರಲ್ಲಿ ಮುಚ್ಚಿದ ದೂರು ಕಾಗದದ ಮೇಲೆ ಮೈನಸ್ 18ರಲ್ಲಿ ಮುಚ್ಚಿದ್ದಕ್ಕೆ ಸಮ.

ಹೆಚ್ಚಿನ ಡಬ್ಬಿಗಳ ಸೆಟ್ಟಿಂಗ್ಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಸಾಲಿನಲ್ಲಿ ಈ ಅಂಕಿ ಸಿಗುತ್ತದೆ. ಇಂಟರ್ನೆಟ್ ಚೆನ್ನಾಗಿರುವ ದಿನವೇ ಅದನ್ನು ಬರೆದಿಟ್ಟುಕೊಳ್ಳಿ. ದೂರು ಕೊಡುವಾಗ ‘ಮೊದಲು ಮೈನಸ್ 19 ಇತ್ತು, ಈಗ ಮೈನಸ್ 27’ ಎಂದು ಹೇಳಿ ಬರೆಸಿ. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಲೈನ್ ಇದ್ದರೆ ಅವರಿಗೆ ಬರುತ್ತಿದೆಯೇ ಎಂಬುದನ್ನೂ ಸೇರಿಸಿ. ರಿಪೇರಿ ಮುಗಿಯಿತೆಂದಾಗ, ಏಣಿ ಮಡಚುವ ಮುಂಚೆ, ಅಂಕಿ ಮತ್ತೊಮ್ಮೆ ನೋಡಿ. 20ರ ಈಚೆಗೆ ಬಂದಿದ್ದರೆ ಚಹಾ ಕೊಟ್ಟು ಕಳಿಸಿ. 26ರಲ್ಲೇ ನಿಂತಿದ್ದರೆ ಇನ್ನೊಂದು ಗಂಟು ಬಾಕಿ ಇದೆ ಎಂದು ಹೇಳಿ, ಅವನ ಎದುರಿಗೇ ಕಚೇರಿಗೆ ಫೋನ್ ಮಾಡಿ, ದೂರು ಮುಚ್ಚಬೇಡಿ ಎನ್ನಿ.