ನಸುಕಿನಲ್ಲಿ ಕೈಕೊಡುವ ಗಾಡಿ ಲೈಟು



ನಾಗಾವಿಯಿಂದ ಕಾಯಿಪಲ್ಲೆ, ಹಾಲು ತೆಗೆದುಕೊಂಡು ಗದಗ ಮಾರ್ಕೆಟ್ಟಿಗೆ ಹೋಗಬೇಕೆಂದರೆ ನಸುಕಿನಲ್ಲೇ ಮನೆ ಬಿಡಬೇಕು. ಗಾಡಿ ಮಗನದೋ ಯಜಮಾನರದೋ, ಹಿಂದೆ ಬುಟ್ಟಿ ಹಿಡಿದು ಕೂಡುವವರು ನಾವು. ಈಗ ತಾವೇ ಗಾಡಿ ಓಡಿಸುವ ಸದಸ್ಯರೂ ಇದ್ದಾರೆ. ಮಾಗಿ ಚಳಿ, ಕಪ್ಪತಗುಡ್ಡದ ಕಡೆಯ ಗಾಳಿ, ಮೇಲೆ ಮಂಜು. ಅಂಥ ಹೊತ್ತಿನಲ್ಲಿ ಹೆಡ್‌ಲೈಟ್ ಪಕ್ಕನೆ ಹೋದರೆ ಮುಂದೆ ನಿಂತ ಚಕ್ಕಡಿಯೋ ಟ್ರ್ಯಾಕ್ಟರೋ ಕಾಣುವುದು ತೀರ ಹತ್ತಿರ ಹೋದ ಮೇಲೆಯೇ.

“ಗ್ಯಾರೇಜಿಗೆ ಒಯ್ದ್ರ ಲೈಟ್ ಚಲೋನ ಹತ್ತತೈತ್ರಿ, ಮರುದಿನ ಮುಂಜಾನೆ ಮತ್ತ ಅದ ರಗಳೆ” ಎಂದು ಹೇಳುವವರುಂಟು. ಇದರಲ್ಲಿ ಮೆಕ್ಯಾನಿಕ್‌ನ ತಪ್ಪಿಲ್ಲ. ಅವನು ಗಾಡಿ ನೋಡುವುದು ಬಿಸಿಲೇರಿದ ಮೇಲೆ, ಗಾಡಿ ಕೈಕೊಡುವುದು ಚಳಿಯಲ್ಲಿ.

ಚಳಿಗಾಲದ ಮುಂಜಾನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ನೋಡಿದ್ದೀರಿ. ಹ್ಯಾಂಡಲ್ ಮೇಲಿನ ಸ್ವಿಚ್ಚಿನ ಒಳಗೂ ಸ್ವಲ್ಪ ಗ್ರೀಸ್ ಇರುತ್ತದೆ. ವರ್ಷಗಟ್ಟಲೆ ನಮ್ಮ ಎರೆ ಮಣ್ಣಿನ ಧೂಳು ಕೂಡಿ ಅದು ಅಂಟಾಗಿರುತ್ತದೆ, ಚಳಿಗೆ ಮತ್ತಷ್ಟು ಬಿಗಿಯುತ್ತದೆ. ಆಗ ಬಟನ್ ಸರಿದಂತೆ ಕಂಡರೂ ಒಳಗಿನ ತಾಮ್ರ ಅಥವಾ ಹಿತ್ತಾಳೆಯ ಪಟ್ಟಿಗಳು ಪೂರ್ತಿ ಮುಟ್ಟುವುದಿಲ್ಲ. ಜೊತೆಗೆ ರಾತ್ರಿಯ ಇಬ್ಬನಿಯ ತೇವ ಒಳಗೆ ಸೇರಿ, ತಾಮ್ರದ ಕೊಡಕ್ಕೆ ಬರುವಂತೆ ಅಲ್ಲಿಯೂ ಹಸಿರು ಕಿಲುಬು ಬರುತ್ತದೆ. ಕಿಲುಬಿನ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಸಿಲು ಬಿದ್ದ ಮೇಲೆ ಗ್ರೀಸ್ ಮೆತ್ತಗಾಗಿ, ತೇವ ಆರಿ, ಲೈಟ್ ಮತ್ತೆ ಹತ್ತುತ್ತದೆ.

ಆದ್ದರಿಂದ ಪರೀಕ್ಷೆಯನ್ನು ಮುಂಜಾನೆಯೇ ಮಾಡಬೇಕು. ಸ್ವಿಚ್ಚನ್ನು ಬೆರಳಿನಿಂದ ಅಲುಗಿಸಿದಾಗ ಲೈಟ್ ಹೋಗಿ ಬಂದು ಮಾಡಿದರೆ ದೋಷ ಸ್ವಿಚ್ಚಿನದು. ಹ್ಯಾಂಡಲ್ ತಿರುಗಿಸಿದಾಗ ಹೋದರೆ ಕುತ್ತಿಗೆಯ ಬಳಿ ವೈರ್ ಸವೆದಿದೆ, ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಹಳೆಯ ಮೊಪೆಡ್, ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ನೇರ ಇಂಜಿನ್ನಿನಿಂದ ಬರುತ್ತದೆ. ನಿಧಾನವಾದಾಗ ಮಂಕಾಗಿ, ಎಕ್ಸಿಲೇಟರ್ ಕೊಟ್ಟಾಗ ಬೆಳಗುವುದು ಅವುಗಳ ಗುಣ, ದೋಷವಲ್ಲ. 2017ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಲ್ಲಿ ಇಂಜಿನ್ ಚಾಲೂ ಆದರೆ ಹೆಡ್‌ಲೈಟ್ ತಾನಾಗಿಯೇ ಹತ್ತುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಆದರೆ ಡಿಪ್ಪರ್ ಇದ್ದೇ ಇದೆ, ಅದು ನಡುವೆ ಸಿಕ್ಕಿಕೊಂಡರೆ ಕತ್ತಲೆಯೇ.

ಸ್ವಚ್ಛ ಮಾಡುವುದು ಕಷ್ಟವಲ್ಲ. ಹೊಲಿಗೆ ಯಂತ್ರದ ಬಾಬಿನ್ ಕೇಸ್ ಬಿಚ್ಚಿ ಜೋಡಿಸುವ ಕೈಗೆ ಇದೇನು ದೊಡ್ಡದು? ಮೊದಲು ಚಾವಿ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಬೈಕುಗಳಲ್ಲಿ ಸಾಮಾನ್ಯವಾಗಿ ಸ್ವಿಚ್ಚಿನ ಡಬ್ಬಿ ಸ್ಕ್ರೂ ಬಿಚ್ಚಿದರೆ ಎರಡು ಹೋಳಾಗುತ್ತದೆ. ಕೆಳಗೆ ಪರಾತ ಇಟ್ಟು ಅದರಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳಿ, ಏಕೆಂದರೆ ಒಳಗಿನ ಸಣ್ಣ ಸ್ಪ್ರಿಂಗ್ ಮತ್ತು ಗುಂಡು ಪುಟಿದು ಹೋದರೆ ಅಂಗಳದಲ್ಲಿ ಸಿಗುವುದಿಲ್ಲ. ಒಂದೊಂದನ್ನು ತೆಗೆಯುವ ಮೊದಲು ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ತಲೆಬಿಸಿ ಇರುವುದಿಲ್ಲ.

ಹಳೆ ಗ್ರೀಸನ್ನು ಒಣ ಬಟ್ಟೆಯಿಂದ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಸಿಗುತ್ತದೆ, ಅದನ್ನು ಹೊಡೆದು ಒರೆಸಿ. ಒಂದು ಡಬ್ಬಿ ಹಲವು ಗಾಡಿಗಳಿಗೆ ಬರುತ್ತದೆ, ಸಂಘದಿಂದಲೇ ತಂದಿಟ್ಟುಕೊಳ್ಳಬಹುದು. ಬೇಗ ಬೆಂಕಿ ಹತ್ತುವ ವಸ್ತು, ಒಲೆಯಿಂದ ದೂರ ಇರಲಿ. ಕಿಲುಬು ಹೋಗದಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಕೊಡ ತಿಕ್ಕುವ ಹುಣಸೆಹಣ್ಣು, ಉಪ್ಪು ಇಲ್ಲಿ ಬೇಡವೇ ಬೇಡ, ಹುಳಿ ಉಳಿದು ತಾಮ್ರವನ್ನೇ ತಿನ್ನುತ್ತದೆ. ಸೀಮೆಎಣ್ಣೆಯೂ ಬೇಡ, ಅದರ ಜಿಡ್ಡು ಮತ್ತೆ ಧೂಳು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಬಟನ್ ಸರಿಯುವ ಜಾಗಕ್ಕೆ ಕಾಣದಷ್ಟು ತೆಳುವಾಗಿ ವ್ಯಾಸಲೀನ್ ಸವರಿ ಜೋಡಿಸಿ. ಪಟ್ಟಿ ಸುಟ್ಟಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಹೊಸ ಸ್ವಿಚ್ಚೇ ಆಗಬೇಕು. ಸ್ಕೂಟಿಗಳಲ್ಲಿ ಮುಖದ ಕವಚ ಬಿಚ್ಚುವುದು ಬೇರೆ ಕೆಲಸ, ಮೆಕ್ಯಾನಿಕ್‌ನಿಂದಲೇ ಮಾಡಿಸಿ.

ಇನ್ನೊಂದು ಮಾತು ನಮ್ಮ ಹುಡುಗರಿಗೆ. 12 ವೋಲ್ಟಿನಲ್ಲಿ 35 ವಾಟ್ ಬಲ್ಬಿಗೆ ಸ್ವಿಚ್ಚಿನಲ್ಲಿ ಸುಮಾರು 3 ಆಂಪಿಯರ್ ಹರಿಯುತ್ತದೆ. ಬೆಳಕು ಹೆಚ್ಚಲೆಂದು 100 ವಾಟ್ ಬಲ್ಬ್ ಹಾಕಿದರೆ 8 ಆಂಪಿಯರ್ ದಾಟುತ್ತದೆ, ಸ್ವಿಚ್ ಬೇಯುತ್ತದೆ. ನೀರಿನ ಪೈಪಿನಿಂದ ಗಾಡಿ ತೊಳೆಯುವಾಗ ಸ್ವಿಚ್ಚಿನ ಮೇಲೆ ಜೋರಾಗಿ ನೀರು ಬಿಡಬಾರದು. ರಾತ್ರಿ ಗಾಡಿ ಸೂರಿನ ಕೆಳಗಿರಲಿ. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿದರೆ ಒಳಗೇ ಬೆವರುತ್ತದೆ.

ದಾರಿಯಲ್ಲೇ ಲೈಟ್ ಹೋದರೆ ಗಾಬರಿಯಾಗಿ ಗಕ್ಕನೆ ಬ್ರೇಕ್ ಹಾಕಬೇಡಿ. ವೇಗ ಇಳಿಸಿ, ಎಡ ಇಂಡಿಕೇಟರ್ ಹಾಕಿ, ರಸ್ತೆಯಿಂದ ಕೆಳಗಿಳಿಯಿರಿ. ಪಾಸ್ ಬಟನ್ ಇರುವ ಗಾಡಿಯಲ್ಲಿ ಅದನ್ನು ಒತ್ತಿ ಹಿಡಿದು ನೋಡಿ. ಅದರ ಪಟ್ಟಿಗಳು ಬೇರೆಯಾದ್ದರಿಂದ ಎಷ್ಟೋ ಸಲ ಬೆಳಕು ಬರುತ್ತದೆ, ಆದರೆ ಅದು ಬದಿಗೆ ಸೇರುವಷ್ಟಕ್ಕೆ ಮಾತ್ರ. ಡಿಪ್ಪರ್ ಅನ್ನು ಹತ್ತು ಸಲ ಆಚೀಚೆ ಮಾಡಿದರೂ ಬಾರದಿದ್ದರೆ, ಹಿಂದೆ ಕೂತವರು ಮೊಬೈಲ್ ಟಾರ್ಚ್ ಹಿಡಿದು ಗಾಡಿ ಓಡಿಸುವ ಸಾಹಸ ಬೇಡ. ಬೆಳಕು ಹರಿಯುವವರೆಗೆ ನಿಲ್ಲಿ, ಕಾಯಿಪಲ್ಲೆ ಅರ್ಧ ತಾಸು ತಡವಾಗಿ ಹೋದರೂ ನಡೆಯುತ್ತದೆ.